ಪಿಸಿಯಲ್ಲಿ ಸರಿ, ಆರ್ಮ್ ಬೋರ್ಡಿನಲ್ಲಿ ಡೇಟಾ ಮಧ್ಯೆ ಹಳೇ ತುಂಡು: ಡಿಎಂಎ ಮ್ಯಾಪಿಂಗ್ ಗೊತ್ತಿರೋರು ನೋಡಿ

ಗೇರ್‌ಬಾಕ್ಸ್_ಗೌಡ · ಹೆಬ್ಬಾಳ್ ಕೈಗಾರಿಕಾ ಪ್ರದೇಶ, ಮೈಸೂರು

ಎಲ್ಲರಿಗೂ ನಮಸ್ಕಾರ. ಕಬ್ಬು ಅರೆಯುವ ಗಾಣದ ಗೇರ್‌ಬಾಕ್ಸಿಗೆ ವೈಬ್ರೇಶನ್ ಸೆನ್ಸರ್ ಕೂರಿಸಿ, ಬೇರಿಂಗ್ ಹೋಗುವ ಮುಂಚೆಯೇ ಸುಳಿವು ಕೊಡುವ ಪೆಟ್ಟಿಗೆಯೊಂದನ್ನ ಮಾಡ್ತಿದ್ದೀವಿ. ಪಾಂಡವಪುರದ ಕಡೆ ಒಂದು ಆಲೆಮನೆಯಲ್ಲಿ ಟೆಸ್ಟಿಂಗ್ ನಡೀತಿದೆ. ಎಂಟು ಚಾನೆಲ್, ಒಂದೊಂದರಲ್ಲೂ ಸೆಕೆಂಡಿಗೆ 51,200 ಸ್ಯಾಂಪಲ್, ಪ್ರತಿಯೊಂದೂ 16 ಬಿಟ್. ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನ ಬೇಕಾದಂತೆ ಬದಲಾಯಿಸಬಹುದಾದ ಚಿಪ್) ಇರುವ ಪಿಸಿಐಇ ಕಾರ್ಡ್ ಇದನ್ನೆಲ್ಲ ಡಿಎಂಎ ಮಾಡಿ, ಅಂದ್ರೆ ಸಿಪಿಯು ಕೈ ಹಾಕದೆ, ನೇರ ಮೆಮೊರಿಗೆ ಬರೆಯುತ್ತೆ. 16 ಕೆಬಿಯ ಎಂಟು ಬಫರ್‌ಗಳ ಒಂದು ರಿಂಗ್. ಒಂದು ಬಫರ್ ತುಂಬೋಕೆ 20 ಮಿಲಿಸೆಕೆಂಡ್, ತುಂಬಿದ ತಕ್ಷಣ ಒಂದು ಇಂಟರಪ್ಟ್ (ಸಿಪಿಯುಗೆ ಸಿಗ್ನಲ್).

ಲಿನಕ್ಸ್ ಡ್ರೈವರನ್ನ ಕಾರ್ಡ್ ಮಾರಿದವರೇ ಕೊಟ್ಟಿದ್ದಾರೆ. ಲ್ಯಾಬಿನ ಹಳೇ ಪಿಸಿಯಲ್ಲಿ (ಇಂಟೆಲ್, 2 ಜಿಬಿ ರ‍್ಯಾಮ್) ಬೆಳಗ್ಗೆಯಿಂದ ಸಂಜೆವರೆಗೆ ಓಡಿಸಿದ್ರೂ ಗ್ರಾಫ್ ಸ್ವಚ್ಛ. ಅದೇ ಕಾರ್ಡು, ಅದೇ ಡ್ರೈವರ್ ಸೋರ್ಸು, ಆದರೆ ಕಾರ್ಟೆಕ್ಸ್-ಎ72 ಬೋರ್ಡಿಗೆ ಹಾಕಿದ್ರೆ ಮಧ್ಯೆ ಮಧ್ಯೆ ಚೂರು ಚೂರು ತಪ್ಪು. ಆ ಚೂರುಗಳು ಯಾವಾಗಲೂ 32 ಮೌಲ್ಯಗಳಷ್ಟು ಉದ್ದ, ಅಥವಾ ಅದರ ಗುಣಕ. ಶುರುವಾಗೋದು 28ನೇ, 60ನೇ, 1,020ನೇ ಜಾಗ ಹೀಗೆ. ಡಿಮೆಸೇಜಿನಲ್ಲಿ (ಕರ್ನಲ್ ಲಾಗಿನಲ್ಲಿ) ಒಂದು ಎರರ್ ಕೂಡ ಇಲ್ಲ.

ಡ್ರೈವರ್ ಮಾಡೋದು ಇಷ್ಟೆ: ಪ್ರೋಬ್ (ಕಾರ್ಡು ಸಿಕ್ಕು ಡ್ರೈವರ್ ಶುರುವಾಗುವ) ಹೊತ್ತಲ್ಲಿ ಎಂಟೂ ಬಫರಿಗೆ ಡಿಎಂಎ_ಮ್ಯಾಪ್_ಸಿಂಗಲ್ ಕರೀತದೆ, ದಿಕ್ಕು ಡಿಎಂಎ_ಫ್ರಮ್_ಡಿವೈಸ್. ಇಂಟರಪ್ಟ್ ಬಂದಾಗ ಆ ಬಫರಿಂದ ಮೆಮ್‌ಕಾಪಿ. ರಿಮೂವ್ ಆಗುವಾಗ ಅನ್‌ಮ್ಯಾಪ್. ಕಾರ್ಡಿನ ತೊಂದರೆಯಾ, ಪಿಸಿಐಇ ಲಿಂಕಿನದ್ದಾ, ಬೋರ್ಡಿನದ್ದಾ?

ಹೂಟಗಳ್ಳಿ_ಹಾರ್ಡ್‌ವೇರ್

ಎಫ್‌ಪಿಜಿಎ ಮೇಲೆ ಅನುಮಾನ ಬೇಡ ಗೌಡ್ರೆ. 32 ಮೌಲ್ಯ ಅಂದ್ರೆ 64 ಬೈಟು. ಎ72ರ ಕ್ಯಾಶ್ ಲೈನ್ (ಸಿಪಿಯು ತನ್ನೊಳಗಿನ ವೇಗದ ಮೆಮೊರಿಗೆ ಒಂದ್ಸಲಕ್ಕೆ ತರಿಸ್ಕೊಳ್ಳೋ ತುಂಡು) ಸರಿಯಾಗಿ 64 ಬೈಟು. ಪಿಸಿಐಇ ಪ್ಯಾಕೆಟ್ ಕಳೆದುಹೋಗ್ತಿದ್ರೆ ತುಂಡು ಸಾಮಾನ್ಯವಾಗಿ 128 ಅಥವಾ 256 ಬೈಟಿನ ಅಳತೆಯಲ್ಲಿ ಕಾಣ್ತಿತ್ತು, ಯಾಕಂದ್ರೆ ಬಹಳಷ್ಟು ಸಿಸ್ಟಮ್‌ಗಳಲ್ಲಿ ಪೇಲೋಡ್ ಮಿತಿ ಅದೇ. ಜೊತೆಗೆ ಲಿಂಕ್ ಮಟ್ಟದಲ್ಲೇ ಸಿಆರ್‌ಸಿ (ತಪ್ಪು ಹಿಡಿಯೋ ಲೆಕ್ಕ), ಮರುಪ್ರಸಾರ ಎಲ್ಲ ಇದೆ, ಸದ್ದಿಲ್ಲದೆ ಕಳೆದುಹೋಗೋದಿಲ್ಲ.

ಒಂದು ಕೆಲಸ ಮಾಡಿ. ಕಾರ್ಡಿನಲ್ಲಿ ಟೆಸ್ಟ್ ಮೋಡ್ ಇದ್ರೆ, ಒಂದೊಂದು ಬಫರ್ ತುಂಬ ಆ ಬಫರಿನ ಕ್ರಮಸಂಖ್ಯೆಯನ್ನೇ ಬರೆಯೋಕೆ ಹೇಳಿ. ತಪ್ಪು ಚೂರಿನಲ್ಲಿ ಯಾವ ಸಂಖ್ಯೆ ಸಿಗುತ್ತೆ ನೋಡಿ.

ಗೇರ್‌ಬಾಕ್ಸ್_ಗೌಡ

ಮಾಡಿದೆ ಸಾರ್. 41ನೇ ಬಫರಿನಲ್ಲಿ ಸಿಕ್ಕ ಚೂರುಗಳಲ್ಲೆಲ್ಲ 33. 58ರಲ್ಲಿ 50. ಪ್ರತಿ ಸಲ ಸರಿಯಾಗಿ ಎಂಟು ಹಿಂದೆ. ಅಂದ್ರೆ ಅದೇ ಬಫರಿನ ಹಿಂದಿನ ಸುತ್ತಿನ ಡೇಟಾ, 160 ಮಿಲಿಸೆಕೆಂಡ್ ಹಳೇದು.

ಪಡುವಾರಹಳ್ಳಿ_ಪೋರ

ಗುರುವೇ, ಇದು ಶುದ್ಧ ಕ್ಯಾಶ್ ಕಥೆ. ಕಾರ್ಡು ರ‍್ಯಾಮಿಗೆ ಬರೆದಿದೆ, ಸಿಪಿಯು ತನ್ನ ಕ್ಯಾಶಿನಲ್ಲಿರೋ ಹಳೇದನ್ನೇ ಓದ್ತಿದೆ. ಎರಡು ದಾರಿ ಇದೆ. ಒಂದು, ಮೆಮ್‌ಕಾಪಿಗೆ ಮುಂಚೆ ಇನ್‌ಲೈನ್ ಅಸೆಂಬ್ಲಿಯಲ್ಲಿ ಕ್ಯಾಶ್ ಇನ್‌ವ್ಯಾಲಿಡೇಟ್ ಮಾಡೋ ಇನ್‌ಸ್ಟ್ರಕ್ಷನ್ನು, 64 ಬೈಟಿಗೊಂದರಂತೆ ಲೂಪಲ್ಲಿ. ಎರಡು, ಕೆಮ್ಯಾಲಕ್ (ಕರ್ನಲ್ಲಿನ ಮಾಮೂಲಿ ಮೆಮೊರಿ ಹಂಚಿಕೆ) ಬಿಟ್ಟು ಎಲ್ಲ ಬಫರನ್ನೂ ಡಿಎಂಎ_ಅಲಾಕ್_ಕೊಹೆರೆಂಟ್‌ನಿಂದ ತಗೊಳ್ಳೋದು. ಹತ್ತು ನಿಮಿಷದ ಕೆಲಸ. ಮಧ್ಯಾಹ್ನ ಊಟಕ್ಕೆ ಮುಂಚೆ ಮುಗಿಯುತ್ತೆ.

ಕಾವೇರಿ_ಕರ್ನಲ್ · ಕುವೆಂಪುನಗರ

ರೋಗ ಸರಿಯಾಗಿ ಹೇಳಿದ್ದೀಯ ಪೋರ, ಮೊದಲನೇ ಔಷಧಿ ಮಾತ್ರ ಬೇಡ. ಗೌಡ್ರೆ, ಅಸೆಂಬ್ಲಿಗೆ ಕೈ ಹಾಕಬೇಡಿ, ಸ್ವಲ್ಪ ಉದ್ದ ಬರೀತೀನಿ, ತಾಳ್ಮೆ ಇರಲಿ.

ಡಿಎಂಎ_ಮ್ಯಾಪ್_ಸಿಂಗಲ್ ಅಂದ್ರೆ ವಿಳಾಸ ಬದಲಾಯಿಸಿ ಕೊಡೋ ಫಂಕ್ಷನ್ ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ. ಕೆಮ್ಯಾಲಕ್ ಕೊಟ್ಟ ಪಾಯಿಂಟರು ಕರ್ನಲ್ಲಿನ ವರ್ಚುವಲ್ ವಿಳಾಸ, ಸಾಧನಕ್ಕೆ ಅದು ಅರ್ಥವಾಗಲ್ಲ, ಹಾಗಾಗಿ ಡಿಎಂಎ_ಅಡ್ರ್_ಟಿ ಅನ್ನೋ ಇನ್ನೊಂದು ವಿಳಾಸ ಬೇಕು. ಇಷ್ಟು ನಿಜ. ಆದರೆ ಅದು ಆ ಕರೆಯ ಅರ್ಧ ಕೆಲಸ, ಅದೂ ಸಣ್ಣ ಅರ್ಧ. ದೊಡ್ಡ ಅರ್ಧ ಏನಂದ್ರೆ, ಆ ಕ್ಷಣದಿಂದ ಬಫರು ಸಾಧನದ ವಶ. ಸಿಪಿಯು ಅದನ್ನ ಮುಟ್ಟೋ ಹಾಗಿಲ್ಲ, ಓದೋ ಹಾಗೂ ಇಲ್ಲ. ಅನ್‌ಮ್ಯಾಪ್ ಮಾಡಿದಾಗ ವಾಪಸ್ ಸಿಪಿಯು ವಶಕ್ಕೆ ಬರುತ್ತೆ. ಅನ್‌ಮ್ಯಾಪ್ ಮಾಡದೆ ಮಧ್ಯೆ ನೋಡಬೇಕು ಅಂದ್ರೆ ಡಿಎಂಎ_ಸಿಂಕ್_ಸಿಂಗಲ್_ಫಾರ್_ಸಿಪಿಯು ಕರೆದು ಕೇಳ್ಕೋಬೇಕು, ನೋಡಿ ಆದ್ಮೇಲೆ ಡಿಎಂಎ_ಸಿಂಕ್_ಸಿಂಗಲ್_ಫಾರ್_ಡಿವೈಸ್ ಕರೆದು ಹಿಂದಿರುಗಿಸಬೇಕು. ನಿಮ್ಮ ಡ್ರೈವರ್ ಪ್ರೋಬಿನಲ್ಲಿ ಒಪ್ಪಿಸಿದ ಬಫರನ್ನ ವಾಪಸ್ ಕೇಳದೇನೇ ಓದ್ತಾ ಇದೆ.

ಪಿಸಿಯಲ್ಲಿ ಯಾಕೆ ನಡೀತು? ಎಕ್ಸ್86 ಪಿಸಿಗಳಲ್ಲಿ ಸಾಧನ ಮೆಮೊರಿಗೆ ಬರೆದ್ರೆ ಹಾರ್ಡ್‌ವೇರೇ ಸಿಪಿಯು ಕ್ಯಾಶನ್ನ ಸರಿಮಾಡುತ್ತೆ. ಅಲ್ಲಿ ಸಿಂಕ್ ಕರೆಗೆ ಹೆಚ್ಚಿನ ಸಲ ಕೆಲಸವೇ ಇರಲ್ಲ, ಮರೆತ್ರೂ ಗೊತ್ತಾಗಲ್ಲ. ಆರ್ಮ್‌ನ ಎಷ್ಟೋ ಬೋರ್ಡುಗಳಲ್ಲಿ ಪಿಸಿಐಇ ಕಡೆಯಿಂದ ಬರೋ ಬರಹ ಕ್ಯಾಶನ್ನ ಕೇಳಲ್ಲ, ನೇರ ರ‍್ಯಾಮಿಗೆ ಹೋಗುತ್ತೆ. ಕ್ಯಾಶ್ ಲೈನು ಹಳೇದನ್ನೇ ಹಿಡ್ಕೊಂಡು ಕೂತಿರುತ್ತೆ.

ಇನ್ನೊಂದು ಸೂಕ್ಷ್ಮ. "ಮ್ಯಾಪ್ ಮಾಡುವಾಗಲೇ ಒಂದ್ಸಲ ಕ್ಯಾಶ್ ಖಾಲಿ ಮಾಡಿದ್ವಲ್ಲ, ಆಮೇಲೆ ಕಾರ್ಡ್ ಬರೆಯೋವರೆಗೆ ನಾವು ಮುಟ್ಟೇ ಇಲ್ಲ" ಅಂತ ವಾದ ಮಾಡೋರಿದ್ದಾರೆ. ನೀವು ಮುಟ್ಟದಿದ್ರೂ ಸಿಪಿಯು ಮುಟ್ಟುತ್ತೆ. ಎ72 ಥರದ ಕೋರು ಮುಂದೆ ಬೇಕಾಗಬಹುದು ಅಂತ ಊಹೆ ಮಾಡಿ ಪಕ್ಕದ ಲೈನುಗಳನ್ನ ತಾನೇ ತರಿಸ್ಕೊಳ್ಳುತ್ತೆ. ಸಾಧನ ಬರೀತಾ ಇರೋ ಹೊತ್ತಲ್ಲೇ ಹಳೇ ಲೈನು ಕ್ಯಾಶಿಗೆ ಬಂದು ಕೂತಿರಬಹುದು. ಅದಕ್ಕೇ ಓದೋ ಮುಂಚೆ, ಸಾಧನದ ಕೆಲಸ ಮುಗಿದ ಮೇಲೆ, ಸಿಂಕ್ ಆಗಲೇಬೇಕು. ನಿಮಗೆ ಚೂರು ಎಲ್ಲೆಲ್ಲೋ ಸಿಗ್ತಿರೋದೂ ಇದಕ್ಕೇ. ಎಂಟು ಬಫರ್ ಸುತ್ತೋ ಅಷ್ಟರಲ್ಲಿ ಬೇರೆ ಕೆಲಸಗಳು ಹೆಚ್ಚಿನ ಲೈನುಗಳನ್ನ ಹೊರಗೆ ತಳ್ಳಿರುತ್ತವೆ, ಉಳ್ಕೊಂಡಿದ್ದು, ಊಹೆಯಲ್ಲಿ ಬಂದಿದ್ದು ಮಾತ್ರ ಕಾಣುತ್ತೆ.

ಪೋರನ ಎರಡನೇ ದಾರಿಗೆ ಬರ್ತೀನಿ. ಡಿಎಂಎ_ಅಲಾಕ್_ಕೊಹೆರೆಂಟ್ ತಪ್ಪಲ್ಲ. ಆದರೆ ಇಂಥ ಬೋರ್ಡಿನಲ್ಲಿ ಕೊಹೆರೆಂಟ್ ಅಂದ್ರೆ ಕರ್ನಲ್ ಆ ಮೆಮೊರಿಯನ್ನ ಕ್ಯಾಶ್ ಇಲ್ಲದೆ ಮ್ಯಾಪ್ ಮಾಡಿಕೊಡೋದು ಅಂತ. ಪ್ರತಿ ಓದಿಗೂ ರ‍್ಯಾಮಿನವರೆಗೆ ಹೋಗಿ ಬರಬೇಕು. ನಿಮ್ಮದು ಸೆಕೆಂಡಿಗೆ ಸುಮಾರು 0.8 ಎಂಬಿ, ಒಂದು ಮೆಮ್‌ಕಾಪಿಗೆ ಅದೂ ನಡೆದುಹೋಗುತ್ತೆ, ಸುಳ್ಳು ಹೇಳಲ್ಲ. ಆದರೆ ನಾಳೆ ಆ ಬಫರಿನ ಮೇಲೇ ಎಫ್‌ಎಫ್‌ಟಿ (ಕಂಪನದಲ್ಲಿರೋ ಆವರ್ತನಗಳನ್ನ ಬಿಡಿಸೋ ಲೆಕ್ಕ) ಹಾಕ್ತೀವಿ ಅಂತ ಹೊರಟ್ರೆ ಒದ್ದಾಡ್ತೀರ. ರೂಢಿ ಏನಂದ್ರೆ, ಸಾಧನ ಮತ್ತು ಸಿಪಿಯು ಇಬ್ಬರೂ ಸದಾ ನೋಡ್ತಿರೋ ಡಿಸ್ಕ್ರಿಪ್ಟರ್ ರಿಂಗು (ಬಫರುಗಳ ವಿಳಾಸ, ಉದ್ದದ ಪಟ್ಟಿ), ಸ್ಥಿತಿ ಪದ ಇಂಥವು ಕೊಹೆರೆಂಟ್‌ನಲ್ಲಿ. ದೊಡ್ಡ ಡೇಟಾ ಡಿಎಂಎ_ಮ್ಯಾಪ್_ಸಿಂಗಲ್ ಥರದ ಸ್ಟ್ರೀಮಿಂಗ್ ಮ್ಯಾಪಿಂಗ್‌ನಲ್ಲಿ.

ನಿಮಗೆ ಬೇಕಾದ್ದು ಇಂಟರಪ್ಟ್ ಥ್ರೆಡ್ಡಿನಲ್ಲಿ ಇಷ್ಟೇ:

ಡಿಎಂಎ_ಸಿಂಕ್_ಸಿಂಗಲ್_ಫಾರ್_ಸಿಪಿಯು(ಡೆವ್, ಹ್ಯಾಂಡಲ್, 16384, ಡಿಎಂಎ_ಫ್ರಮ್_ಡಿವೈಸ್);
ಮೆಮ್‌ಕಾಪಿ(ಗುರಿ, ಬಫರ್, 16384);
ಡಿಎಂಎ_ಸಿಂಕ್_ಸಿಂಗಲ್_ಫಾರ್_ಡಿವೈಸ್(ಡೆವ್, ಹ್ಯಾಂಡಲ್, 16384, ಡಿಎಂಎ_ಫ್ರಮ್_ಡಿವೈಸ್);

ಸಿಪಿಯು ಬರೀ ಓದಿದ್ರೆ ಮೂರನೇ ಸಾಲು ಬೇಕಿಲ್ಲ ಅಂತ ಕರ್ನಲ್ಲಿನ ಹೌ-ಟು ದಾಖಲೆಯ ಉದಾಹರಣೆಯಲ್ಲೇ ಇದೆ. ನಾನು ಆದ್ರೂ ಬರೀತೀನಿ. ಮುಂದಿನ ವರ್ಷ ಯಾರೋ ಬಂದು ಮಧ್ಯೆ ಒಂದು ಮೆಮ್‌ಸೆಟ್ ಸೇರಿಸ್ತಾರೆ, ಆಗ ಆ ಸಾಲು ಇಲ್ಲದೆ ಇನ್ನೊಂದು ಥ್ರೆಡ್ ಶುರುವಾಗುತ್ತೆ.

ಮದ್ದೂರ್_ವಡೆ

ಕಾವೇರಿಯಕ್ಕ ಬರೆದ್ರೆ ಪ್ರಿಂಟ್ ತೆಗ್ದು ಗೋಡೆಗೆ ಅಂಟಿಸ್ಬೇಕು ಕಣ್ರಪ್ಪ.

ನಿವೃತ್ತ_ಮೇಷ್ಟ್ರು · ಮಂಡ್ಯ

ಓದಿ ಖುಷಿಯಾಯಿತು. ನಾವು ಪಾಠ ಮಾಡುವ ಕಾಲದಲ್ಲಿ ಡಿಎಂಎ ಅಂದರೆ 8237 ಚಿಪ್ಪು. 1981ರ ಐಬಿಎಂ ಪಿಸಿಯಲ್ಲಿ ಇದ್ದದ್ದು ಅದು. ಅದರೊಳಗಿನ ವಿಳಾಸದ ಕೌಂಟರ್ 16 ಬಿಟ್ ಮಾತ್ರ, ಮೇಲಿನ ಬಿಟ್‌ಗಳಿಗೆ ಹೊರಗಡೆ ಬೇರೆ ಪೇಜ್ ರಿಜಿಸ್ಟರ್. ಕೌಂಟರ್ ತುಂಬಿ ಸೊನ್ನೆಗೆ ಬಂದರೂ ಪೇಜ್ ರಿಜಿಸ್ಟರ್ ಏರುತ್ತಿರಲಿಲ್ಲ. ಹಾಗಾಗಿ ಬಫರು 64 ಕೆಬಿ ಗಡಿ ದಾಟಿದರೆ ಡೇಟಾ ಸುತ್ತು ಹಾಕಿ ಅದೇ 64 ಕೆಬಿಯ ತಲೆಗೆ ಹೋಗಿ ಕೂರುತ್ತಿತ್ತು. ಫ್ಲಾಪಿ ಡ್ರೈವ್ ಸಂಖ್ಯೆ 2ರ ಚಾನೆಲ್‌ನಲ್ಲಿ. 1984ರ ಎಟಿ ಯಂತ್ರಕ್ಕೆ 24 ಬಿಟ್ ವಿಳಾಸ ಬಂತು, ಅಂದರೆ 16 ಎಂಬಿ. ಆ 16 ಎಂಬಿ ಇನ್ನೂ ಬದುಕಿದೆ: ಎಕ್ಸ್86 ಲಿನಕ್ಸಿನ ಝೋನ್_ಡಿಎಂಎ (ಹಳೆಯ ಡಿಎಂಎಗೆ ಮೀಸಲಾದ ಮೆಮೊರಿ ಭಾಗ) ಇವತ್ತಿಗೂ ಅಷ್ಟೇ.

ಒಡೆತನದ ಮಾತು ಬಂತಲ್ಲ, ನಮ್ಮ ವಿಶ್ವೇಶ್ವರಯ್ಯ ನಾಲೆ ಬಯಲಿನವರಿಗೆ ಇದನ್ನು ವಿವರಿಸುವುದು ಸುಲಭ. ನೀರುಗಂಟಿ ಸರದಿ ಕೊಟ್ಟ ಹೊತ್ತಲ್ಲಿ ತೂಬು ಆ ಗದ್ದೆಯವನದು. ನಿಮ್ಮ ಗದ್ದೆ ಪಕ್ಕದಲ್ಲೇ ಇರಬಹುದು, ನೀರು ಕಣ್ಣೆದುರೇ ಹರಿಯುತ್ತಿರಬಹುದು, ಸರದಿ ನಿಮ್ಮದಲ್ಲದಿದ್ದರೆ ಕೈ ಹಾಕುವಂತಿಲ್ಲ. ಮ್ಯಾಪ್, ಸಿಂಕ್, ಅನ್‌ಮ್ಯಾಪ್ ಮೂರೂ ಸರದಿ ಬದಲಾಯಿಸುವ ಕರೆಗಳು.

ಪಡುವಾರಹಳ್ಳಿ_ಪೋರ

ಮೇಷ್ಟ್ರೇ ನಮಸ್ಕಾರ. ಅಕ್ಕ, ಒಪ್ಪಿದೆ, ಆದ್ರೂ ಒಂದು ಪ್ರಶ್ನೆ. ನನ್ನ ಅಸೆಂಬ್ಲಿ ಲೂಪೂ ಅದೇ ಇನ್‌ವ್ಯಾಲಿಡೇಟ್ ಮಾಡುತ್ತೆ, ಆರ್ಮ್64ರಲ್ಲಿ ಸಿಂಕ್ ಕರೆನೂ ಒಳಗೆ ಅದೇ ಮಾಡುತ್ತೆ. ಎರಡೂ ಒಂದೇ ಅಲ್ವಾ? ಶೈಲಿಯ ಜಗಳ ಅಷ್ಟೇ ತಾನೆ?

ಗೇರ್‌ಬಾಕ್ಸ್_ಗೌಡ

ಪೋರ ಅವರ ಪ್ರಶ್ನೆಗೆ ಉತ್ತರ ನಮ್ಮ ಆಫೀಸಲ್ಲೇ ಸಿಕ್ತು ಅನ್ಸುತ್ತೆ, ನೋಡಿ. ಸಿಂಕ್ ಸಾಲು ಹಾಕಿದೆ, ಬೋರ್ಡಿನಲ್ಲಿ ಚೂರುಗಳು ಹೋದವು (ಪೂರ್ತಿ ಅಲ್ಲ, ಅದನ್ನ ಆಮೇಲೆ ಹೇಳ್ತೀನಿ). ಇದಾದ್ಮೇಲೆ ಕುತೂಹಲಕ್ಕೆ ಕಾರ್ಡನ್ನ ಹೊಸ 16 ಜಿಬಿ ಪಿಸಿಗೆ ಹಾಕಿ ಹಳೇ ಡ್ರೈವರ್ ಓಡಿಸಿದೆ. ಎಕ್ಸ್86, ಕ್ಯಾಶ್ ತೊಂದರೆ ಇರಬಾರದು. ಆದ್ರೆ ಬಫರ್ ಪೂರ್ತಿ ಸೊನ್ನೆ! ಚೂರು ಅಲ್ಲ, ಎಂಟೂ ಬಫರು, ಮೊದಲಿಂದ ಕೊನೇವರೆಗೆ. ಇಂಟರಪ್ಟ್ ಮಾತ್ರ ಸರಿಯಾಗಿ ಬರ್ತಿದೆ. ಸಿಂಕ್ ಇರೋ ಹೊಸ ಡ್ರೈವರ್ ಹಾಕಿದೆ, ಡೇಟಾ ಬಂತು. ಕ್ಯಾಶೇ ಕಾರಣ ಅಲ್ಲ ಅಂದ್ಮೇಲೆ ಸಿಂಕ್ ಮಾಡಿದ್ದೇನು?

ಕಾವೇರಿ_ಕರ್ನಲ್

ಇದಕ್ಕಿಂತ ಒಳ್ಳೇ ಉದಾಹರಣೆ ನಾನು ಕಟ್ಟೋಕೆ ಹೋಗಿದ್ರೂ ಆಗ್ತಿರಲಿಲ್ಲ.

ನಿಮ್ಮ ಡ್ರೈವರಿನಲ್ಲಿ ಡಿಎಂಎ ಮಾಸ್ಕ್ (ಕಾರ್ಡು ಎಷ್ಟು ಬಿಟ್ ವಿಳಾಸ ಬಳಸಬಲ್ಲದು ಅನ್ನೋ ಮಿತಿ) 32 ಬಿಟ್ ಇರಬೇಕು, ಅಥವಾ ಯಾರೂ ಇಟ್ಟೇ ಇಲ್ಲ. ಇಡದಿದ್ರೆ ಕರ್ನಲ್ 32 ಅಂತಲೇ ತಗೊಳ್ಳುತ್ತೆ. ಅಂದ್ರೆ ಕಾರ್ಡಿಗೆ ಮೊದಲ 4 ಜಿಬಿಯೊಳಗಿನ ವಿಳಾಸ ಮಾತ್ರ ಗೊತ್ತು. 2 ಜಿಬಿ ಪಿಸಿಯಲ್ಲಿ ಎಲ್ಲ ಮೆಮೊರಿಯೂ ಅದರೊಳಗೇ. 16 ಜಿಬಿ ಯಂತ್ರದಲ್ಲಿ ಕೆಮ್ಯಾಲಕ್ ಕೊಟ್ಟ ಬಫರು 4 ಜಿಬಿಗಿಂತ ಮೇಲೆ ಬಿದ್ದಿದೆ. ಆಗ ಮ್ಯಾಪ್ ಕರೆ ಏನು ಮಾಡುತ್ತೆ? ಕೆಳಗಡೆ ಎಸ್‌ಡಬ್ಲ್ಯುಐಒಟಿಎಲ್‌ಬಿ ಅಂತ ಬೂಟ್ ಹೊತ್ತಲ್ಲೇ ಕಾದಿಟ್ಟ ಜಾಗ ಇದೆ, ಸಾಮಾನ್ಯವಾಗಿ 64 ಎಂಬಿ. ಅದರಲ್ಲಿ ಒಂದು ಬೌನ್ಸ್ ಬಫರ್ ಹಿಡಿದು ಅದರ ವಿಳಾಸವನ್ನ ಕಾರ್ಡಿಗೆ ಕೊಡುತ್ತೆ. ಕಾರ್ಡು ಬರೆಯೋದು ಅಲ್ಲಿಗೆ. ನಿಮ್ಮ ಬಫರಿಗೆ ಅದನ್ನ ನಕಲು ಮಾಡೋದು ಯಾವಾಗ? ಸಿಂಕ್ ಫಾರ್ ಸಿಪಿಯು ಅಂದಾಗ, ಅಥವಾ ಅನ್‌ಮ್ಯಾಪ್ ಅಂದಾಗ. ಹಳೇ ಡ್ರೈವರ್ ಎರಡನ್ನೂ ಮಾಡ್ತಿರಲಿಲ್ಲ, ಹಾಗಾಗಿ ಸೊನ್ನೆ ಸೊನ್ನೆಯಾಗೇ ಉಳೀತು.

ಈಗ ಪೋರನಿಗೆ. ನಿನ್ನ ಲೂಪನ್ನ ಈ ಪಿಸಿಯಲ್ಲಿ ಓಡಿಸು, ಆರ್ಮ್ ಇನ್‌ಸ್ಟ್ರಕ್ಷನ್ನಾದ್ರಿಂದ ಕಂಪೈಲೇ ಆಗಲ್ಲ, ಅದು ಬೇರೆ ಮಾತು. 8 ಜಿಬಿ ಆರ್ಮ್ ಬೋರ್ಡಿನಲ್ಲಿ ಓಡಿಸು, ಕಂಪೈಲ್ ಆಗುತ್ತೆ, ಆದರೆ ಬಫರು 4 ಜಿಬಿ ಮೇಲೆ ಬಿದ್ದ ದಿನ ನೀನು ಇನ್‌ವ್ಯಾಲಿಡೇಟ್ ಮಾಡ್ತಿರೋದು ಸಾಧನ ಮುಟ್ಟೇ ಇಲ್ಲದ ಮೆಮೊರಿಯನ್ನ. ಸಿಂಕ್ ಅಂದ್ರೆ ಕ್ಯಾಶ್ ತೊಳೆಯೋ ಕರೆ ಅಲ್ಲ. "ಈಗ ನನ್ನ ಸರದಿ, ಅದಕ್ಕೆ ಬೇಕಾದ್ದನ್ನ ಮಾಡಿಕೊಡು" ಅನ್ನೋ ಕರೆ. ಏನು ಬೇಕು ಅನ್ನೋದು ಆ ಯಂತ್ರಕ್ಕೆ ಗೊತ್ತು, ಡ್ರೈವರಿಗೆ ಗೊತ್ತಿರಬಾರದು.

ಪಡುವಾರಹಳ್ಳಿ_ಪೋರ

ಸರಿ ಅಕ್ಕ, ಲೂಪ್ ವಾಪಸ್ ತಗೊಂಡೆ.

ಹೂಟಗಳ್ಳಿ_ಹಾರ್ಡ್‌ವೇರ್

ಗೌಡ್ರೆ, "ಪೂರ್ತಿ ಅಲ್ಲ" ಅಂದ್ರಲ್ಲ, ಅದೇನು?

ಗೇರ್‌ಬಾಕ್ಸ್_ಗೌಡ

ಹೌದು ಸಾರ್. ಆರ್ಮ್ ಬೋರ್ಡಿನಲ್ಲಿ ಬಫರ್ ಮಧ್ಯದ ಚೂರುಗಳು ಹೋದವು. ಆದರೆ ಅಪರೂಪಕ್ಕೆ ಮೊದಲ 28 ಮೌಲ್ಯ ಮಾತ್ರ ಹಳೇವು ಬರ್ತಿವೆ. 32 ಅಲ್ಲ, 28. ಇನ್ನೊಂದು ವಿಚಿತ್ರ, ಪ್ರತಿ ಬಫರಿಗೆ ಒಂದು ಎಣಿಕೆ ಇಟ್ಕೊಂಡಿರ್ತಾರೆ, ಅದು ಒಮ್ಮೊಮ್ಮೆ ಒಂದು ಹಿಂದೆ ಸರೀತದೆ. ಪಿಸಿ ಎರಡರಲ್ಲೂ ಈ ಕಾಟ ಇಲ್ಲ.

ಹೂಟಗಳ್ಳಿ_ಹಾರ್ಡ್‌ವೇರ್

28 ಮೌಲ್ಯ 56 ಬೈಟು. 64ಕ್ಕೆ 8 ಕಮ್ಮಿ. ನಿಮ್ಮ ಮೊದಲನೇ ಪೋಸ್ಟಲ್ಲೂ ಚೂರುಗಳು 28, 60, 1,020ರಿಂದ ಶುರು ಅಂತಿದೆ, ಅಂದ್ರೆ ಡೇಟಾ ಕ್ಯಾಶ್ ಲೈನಿನ ತಲೆಯಿಂದ ಶುರುವಾಗ್ತಿಲ್ಲ, 8 ಬೈಟು ಒಳಗಿಂದ ಶುರು. ಆ 8 ಬೈಟಿನಲ್ಲಿ ಏನಿದೆ? ಸ್ಟ್ರಕ್ಟ್ ಹಾಕಿ ನೋಡೋಣ.

ಗೇರ್‌ಬಾಕ್ಸ್_ಗೌಡ

ಅಯ್ಯೋ ಹೌದು. ಒಂದೇ ಸ್ಟ್ರಕ್ಟು: ಮೊದಲು 4 ಬೈಟಿನ ಎಣಿಕೆ, ಆಮೇಲೆ 4 ಬೈಟಿನ ಫ್ಲ್ಯಾಗ್, ಆಮೇಲೆ 16,384 ಬೈಟಿನ ಡೇಟಾ ಅರೇ. ಇಡೀ ಸ್ಟ್ರಕ್ಟನ್ನ ಕೆಮ್ಯಾಲಕ್ ಮಾಡಿ, ಡೇಟಾ ಅರೇಯನ್ನ ಮಾತ್ರ ಮ್ಯಾಪ್ ಮಾಡಿದ್ದಾರೆ. ಎಣಿಕೆಯನ್ನ ಇಂಟರಪ್ಟ್ ಹ್ಯಾಂಡ್ಲರ್ ಏರಿಸುತ್ತೆ, ಫ್ಲ್ಯಾಗನ್ನ ರೀಡ್ ಕರೆ ಬದಲಾಯಿಸುತ್ತೆ.

ಕಾವೇರಿ_ಕರ್ನಲ್

ಅಲ್ಲಿದೆ ನೋಡಿ. ಒಂದೇ ಕ್ಯಾಶ್ ಲೈನಿನಲ್ಲಿ ಮೊದಲ 8 ಬೈಟು ಸಿಪಿಯುದು, ಉಳಿದ 56 ಬೈಟು ಸಾಧನದ್ದು. ಹಾರ್ಡ್‌ವೇರಿಗೆ ಅರ್ಧ ಲೈನ್ ಅನ್ನೋದು ಗೊತ್ತಿಲ್ಲ. ಬಫರು ಸಾಧನದ ವಶದಲ್ಲಿದ್ದಾಗ ರೀಡ್ ಕರೆ ಫ್ಲ್ಯಾಗ್ ಬರೀತು ಅನ್ಕೊಳ್ಳಿ. ಪೂರ್ತಿ ಲೈನು ಕ್ಯಾಶಿಗೆ ಬಂದು ಕೊಳೆಯಾಯಿತು, ಅಂದ್ರೆ ಮೆಮೊರಿಗೆ ಇನ್ನೂ ಹೋಗದ ಬದಲಾವಣೆ ಅದರಲ್ಲಿದೆ. ಆಮೇಲೆ ಎರಡರಲ್ಲೊಂದು ಆಗುತ್ತೆ. ಆ ಲೈನು ಯಾವಾಗಲೋ ರ‍್ಯಾಮಿಗೆ ವಾಪಸ್ ಹೋದ್ರೆ, ಜೊತೆಗಿರೋ ಹಳೇ 56 ಬೈಟು ಕಾರ್ಡು ಬರೆದ ಹೊಸದರ ಮೇಲೆ ಬೀಳುತ್ತೆ. ಅದು ನಿಮ್ಮ 28 ಮೌಲ್ಯ. ವಾಪಸ್ ಹೋಗೋ ಮುಂಚೆ ಸಿಂಕ್ ಬಂದು ಲೈನನ್ನ ಮೆಮೊರಿಗೆ ಬರೆಯದೆ ಬಿಸಾಕಿದ್ರೆ, ಇನ್‌ವ್ಯಾಲಿಡೇಟ್ ಆಗಿ ಸಿಪಿಯು ಬರೆದ 8 ಬೈಟು ಬರಹವೇ ಮಾಯ. ಅದು ನಿಮ್ಮ ಹಿಂದೆ ಸರಿಯೋ ಎಣಿಕೆ. ಸಿಂಕ್ ಎಷ್ಟೇ ಹಾಕಿದ್ರೂ ಇದು ಸರಿಹೋಗಲ್ಲ, ಯಾಕಂದ್ರೆ ಒಂದು ಲೈನಿಗೆ ಇಬ್ಬರು ಒಡೆಯರಿದ್ದಾರೆ.

ಡೇಟಾವನ್ನ ಸ್ಟ್ರಕ್ಟಿನಿಂದ ಹೊರಗೆ ತನ್ನಿ, ಬೇರೆ ಕೆಮ್ಯಾಲಕ್ ಮಾಡಿ, ಸ್ಟ್ರಕ್ಟಿನಲ್ಲಿ ಪಾಯಿಂಟರ್ ಮಾತ್ರ ಇರಲಿ. ಕೆಮ್ಯಾಲಕ್ ಕೊಡೋ ಮೆಮೊರಿ ಡಿಎಂಎಗೆ ಸುರಕ್ಷಿತವಾಗಿರೋ ಹಾಗೆ ಕರ್ನಲ್ ನೋಡ್ಕೊಳ್ಳುತ್ತೆ. ಆರ್ಮ್64ರಲ್ಲಿ ಎಆರ್‌ಸಿಹೆಚ್_ಡಿಎಂಎ_ಮಿನ್‌ಅಲೈನ್ 128 ಬೈಟ್ ಇರೋದು ಇದಕ್ಕೇ. ಕೊಸರು ಲಾಭ ಒಂದಿದೆ: 16,384ಕ್ಕೆ 8 ಸೇರಿಸಿ ಕೇಳಿದ್ರೆ ಕೆಮ್ಯಾಲಕ್ 32 ಕೆಬಿ ಕೊಡುತ್ತೆ. ಎಂಟು ಬೈಟಿನ ಹೆಡರಿಗೆ ಬಫರೊಂದಕ್ಕೆ ಹತ್ತಿರ ಹತ್ತಿರ 16 ಕೆಬಿ ದಂಡ ಆಗ್ತಿತ್ತು.

ಇದೇ ಕಾರಣಕ್ಕೆ ಸ್ಟ್ಯಾಕಿನ ಮೇಲಿನ ಅರೇಯನ್ನ ಯಾವತ್ತೂ ಮ್ಯಾಪ್ ಮಾಡಬೇಡಿ. ಮೊದಲು ಇದು ಸಲಹೆ ಆಗಿತ್ತು. 2016ರಲ್ಲಿ ಕರ್ನಲ್ 4.9ರಿಂದ ಎಕ್ಸ್86ರಲ್ಲಿ ಕರ್ನಲ್ ಸ್ಟ್ಯಾಕನ್ನೇ ವಿಮ್ಯಾಲಕ್ ಜಾಗದಲ್ಲಿ (ಪುಟಗಳು ಭೌತಿಕವಾಗಿ ಒಟ್ಟಿಗಿರಬೇಕಿಲ್ಲದ ಮೆಮೊರಿ) ಇಡೋಕೆ ಶುರುವಾದ ಮೇಲೆ ಎಷ್ಟೋ ಹಳೇ ಯುಎಸ್‌ಬಿ ಡ್ರೈವರುಗಳು ಬಿದ್ದವು. ವಿಮ್ಯಾಲಕ್ ಮೆಮೊರಿಯನ್ನ ಮ್ಯಾಪ್_ಸಿಂಗಲ್‌ಗೆ ಕೊಟ್ರೆ ಈಗ ಎಚ್ಚರಿಕೆ ಕೊಟ್ಟು ತಿರಸ್ಕರಿಸುತ್ತೆ.

ಮದ್ದೂರ್_ವಡೆ

ನಾ ಏನೋ ತಮಾಷೆಗೆ ಬಂದೆ, ಈಗ ನನ್ನ ಎಸ್‌ಪಿಐ ಡ್ರೈವರ್ ತೆಗ್ದು ನೋಡ್ತಾ ಕೂತಿವ್ನಿ. ಅಕ್ಕೋ, ಇಂಥ ಸಿಂಕ್ ಬಿಟ್ಟೋಗಿರೋದ್ನ ಹಿಡಿಯೋ ಟೂಲ್ ಐತಾ? ಸಿಎಫ್‌ಜಿಯಲ್ಲಿ ಡಿಎಂಎ_ಎಪಿಐ_ಡಿಬಗ್ ಅಂತ ಒಂದು ಐತೆ.

ಕಾವೇರಿ_ಕರ್ನಲ್

ಅದನ್ನ ಆನ್ ಮಾಡಿ, ತುಂಬಾ ಉಪಯೋಗ. ಮ್ಯಾಪ್ ಮಾಡಿದ ಅಳತೆ ಒಂದು, ಅನ್‌ಮ್ಯಾಪ್ ಮಾಡಿದ್ದು ಇನ್ನೊಂದು ಆದ್ರೆ ಬಯ್ಯುತ್ತೆ. ದಿಕ್ಕು ತಪ್ಪಿದ್ರೆ, ಡ್ರೈವರ್ ಇಳಿಸುವಾಗ ಮ್ಯಾಪಿಂಗ್ ಉಳಿದಿದ್ರೆ, ಡಿಎಂಎ_ಮ್ಯಾಪಿಂಗ್_ಎರರ್ ಕರೆದು ಪರೀಕ್ಷೆ ಮಾಡದೆ ಬಿಟ್ರೆ ಹೇಳುತ್ತೆ. (ಆ ಪರೀಕ್ಷೆಯನ್ನ ವಿಳಾಸ ಸೊನ್ನೆಯಾ ಅಂತ ನೋಡಿ ಮಾಡಬೇಡಿ. ಸೊನ್ನೆ ಸರಿಯಾದ ವಿಳಾಸವೂ ಆಗಿರಬಹುದು.) ಆದರೆ ಸಿಂಕ್ ಬಿಟ್ಟಿದ್ದನ್ನ ಅದು ಹಿಡಿಯಲ್ಲ. ಬಫರನ್ನ ನೀವು ಸಾದಾ ಪಾಯಿಂಟರಿಂದ ಓದಿದ್ದು ಅದಕ್ಕೆ ಹೇಗೆ ತಿಳೀಬೇಕು?

ಅದಕ್ಕೆ ನಾನು ಮಾಡೋ ಉಪಾಯ ಗೌಡ್ರ ಪಿಸಿ ಕಥೆಯೇ. ಸಾಧಾರಣ ಎಕ್ಸ್86 ಪಿಸಿಯಲ್ಲಿ ಐಒಎಂಎಂಯು (ಸಾಧನ ಬಳಸೋ ವಿಳಾಸವನ್ನ ಅನುವಾದಿಸೋ ಘಟಕ) ಆಫ್ ಮಾಡಿ, ಕರ್ನಲ್ ಕಮಾಂಡ್ ಲೈನಿನಲ್ಲಿ ಎಸ್‌ಡಬ್ಲ್ಯುಐಒಟಿಎಲ್‌ಬಿ=ಫೋರ್ಸ್ ಅಂತ ಕೊಡಿ. ಆಗ ಮಾಸ್ಕ್ ಎಷ್ಟೇ ಇರಲಿ, ಪ್ರತಿ ಸ್ಟ್ರೀಮಿಂಗ್ ಮ್ಯಾಪಿಂಗೂ ಬೌನ್ಸ್ ಬಫರ್ ಮೂಲಕವೇ ಹೋಗುತ್ತೆ. ಓದೋ ಮುಂಚಿನ ಸಿಂಕ್ ಬಿಟ್ಟಿದ್ರೆ ಡೇಟಾ ಬರೋದೇ ಇಲ್ಲ. ಅಪರೂಪದ 64 ಬೈಟ್ ಚೂರಿನ ಹಿಂದೆ ಅಲೆಯೋದಕ್ಕಿಂತ ಪೂರ್ತಿ ಸೊನ್ನೆ ನೋಡೋದು ಎಷ್ಟೋ ವಾಸಿ. ಒಂದು ಮಿತಿ ನೆನಪಿರಲಿ, ಅಲ್ಲಿ ಒಂದು ಮ್ಯಾಪಿಂಗ್ 256 ಕೆಬಿ ದಾಟೋ ಹಾಗಿಲ್ಲ.

ಪಡುವಾರಹಳ್ಳಿ_ಪೋರ

ಐಒಎಂಎಂಯು ಆಫ್ ಅಂದ್ರಲ್ಲ, ಆನ್ ಇದ್ರೆ ಈ 32 ಬಿಟ್ ತಲೆನೋವೇ ಇರಲ್ಲ ಅಲ್ವಾ? ರಸ್ಟ್ ಭಾಷೆ ಬಂದ್ರೆ ಈ ಒಡೆತನದ ತೊಂದರೆಯೂ ಹೋಗುತ್ತೆ ಅಂತಾರೆ, 2025ರಲ್ಲಿ ಡಿಎಂಎ ಕೋಡಿಗೆ ರಸ್ಟ್ ಬೇಕಾ ಬೇಡವಾ ಅಂತ ದೊಡ್ಡ ಜಗಳ ಆಯ್ತಲ್ಲ...

ಕಾವೇರಿ_ಕರ್ನಲ್

ಆ ಜಗಳ ಇಲ್ಲಿ ಬೇಡ ಮಾರಾಯ. ಕ್ರಿಸ್ಟೋಫ್ ಹೆಲ್‌ವಿಗ್ ವಿರೋಧಿಸಿದ್ರು, ಆಮೇಲೆ ಡಿಎಂಎ ಮ್ಯಾಪಿಂಗ್ ಮೇಂಟೇನರ್ ಜವಾಬ್ದಾರಿ ಬಿಟ್ರು, ಕೊಹೆರೆಂಟ್ ಮೆಮೊರಿಯ ರಸ್ಟ್ ಹೊದಿಕೆ ಕರ್ನಲ್ 6.15ಕ್ಕೆ ಸೇರಿತು. ಗೌಡ್ರ ಡ್ರೈವರ್ ಸಿಯಲ್ಲಿದೆ, ಮುಂದೆ ಹೋಗೋಣ.

ಐಒಎಂಎಂಯು ವಿಷಯ ಸರಿ. ಇಂಟೆಲ್‌ನ ವಿಟಿ-ಡಿ, ಎಎಂಡಿ-ವಿಐ, ಆರ್ಮ್‌ನ ಎಸ್‌ಎಂಎಂಯು, ಎಲ್ಲವೂ ಸಾಧನಕ್ಕೆ ಬೇರೆಯದೇ ವಿಳಾಸ ಲೋಕ ಕಟ್ಟಿಕೊಡ್ತವೆ. ಬಫರು 12ನೇ ಜಿಬಿಯಲ್ಲಿದ್ರೂ ಕಾರ್ಡಿಗೆ 4 ಜಿಬಿಯೊಳಗಿನ ವಿಳಾಸ ಕೊಡಬಹುದು, ಬೌನ್ಸ್ ಬೇಕಿಲ್ಲ. ಚೆಲ್ಲಾಪಿಲ್ಲಿ ಪುಟಗಳನ್ನ ಸಾಧನಕ್ಕೆ ಒಂದೇ ಉದ್ದದ ತುಂಡಾಗಿ ತೋರಿಸಬಹುದು. ಡಿಎಂಎ_ಮ್ಯಾಪ್_ಎಸ್‌ಜಿಗೆ ಹತ್ತು ತುಂಡು ಕೊಟ್ರೆ ಮೂರು ವಾಪಸ್ ಬರೋದು ಇದಕ್ಕೇ. ಹಾರ್ಡ್‌ವೇರಿಗೆ ಮೂರನ್ನೇ ತುಂಬಿ, ಆದರೆ ಅನ್‌ಮ್ಯಾಪ್‌ಗೆ ಮೂಲದ ಹತ್ತನ್ನೇ ಕೊಡಿ. ಇಲ್ಲಿ ಎಡವಿದವರನ್ನ ಬೇಕಾದಷ್ಟು ನೋಡಿದ್ದೀನಿ.

ಆದರೆ ಅದು ಬಂದ್ರೆ ಒಡೆತನದ ನಿಯಮ ಸಡಿಲ ಆಗಲ್ಲ, ಬಿಗಿಯಾಗುತ್ತೆ. ಅನ್‌ಮ್ಯಾಪ್ ಆದ ವಿಳಾಸಕ್ಕೆ ಕಾರ್ಡು ಬರೆದ್ರೆ ಇಂಟೆಲ್ ಯಂತ್ರದಲ್ಲಿ ಡಿಎಂಎಆರ್ ಅಂತ ಶುರುವಾಗೋ ಫಾಲ್ಟ್ ಸಾಲುಗಳು ಲಾಗ್ ತುಂಬ ಬರ್ತವೆ. ನನಗಂತೂ ಅದು ಖುಷಿ, ಸದ್ದಿಲ್ಲದೆ ಬೇರೆಯವರ ಮೆಮೊರಿ ಕೆಡಿಸೋದು ತಪ್ಪಿತಲ್ಲ. ರಕ್ಷಣೆ ಪುಟದ ಲೆಕ್ಕದಲ್ಲಿ, 4 ಕೆಬಿ. ಪುಟದಲ್ಲಿ ನಿಮ್ಮ 200 ಬೈಟಿನ ಬಫರಿದ್ರೆ ಪಕ್ಕದವರ ಡೇಟಾ ಕೂಡ ಸಾಧನಕ್ಕೆ ಕಾಣುತ್ತೆ. 2019ರ ಥಂಡರ್‌ಕ್ಲ್ಯಾಪ್ ಸಂಶೋಧನೆಯವರು ಹಿಡಿದ ತೂತುಗಳಲ್ಲಿ ಇದೂ ಒಂದು.

ನಿವೃತ್ತ_ಮೇಷ್ಟ್ರು

ಒಂದು ಸಣ್ಣ ಅನುಮಾನ. ಡಿಸ್ಕ್ರಿಪ್ಟರ್‌ಗಳು ಕೊಹೆರೆಂಟ್ ಮೆಮೊರಿಯಲ್ಲಿದ್ದರೆ ಅಲ್ಲಿ ಸಿಂಕ್ ಬೇಡ ಎಂದಿರಿ. ಹಾಗಾದರೆ ಅಲ್ಲಿ ಸರದಿಯೇ ಇಲ್ಲವೇ?

ಕಾವೇರಿ_ಕರ್ನಲ್

ಇದೆ ಮೇಷ್ಟ್ರೇ. ಅಲ್ಲಿ ಸರದಿಯನ್ನ ಡಿಸ್ಕ್ರಿಪ್ಟರಿನೊಳಗಿನ ಒಂದು ಬಿಟ್ಟಿನಲ್ಲಿ ಬರೆದಿರ್ತಾರೆ. ಕೊಹೆರೆಂಟ್ ಅಂದ್ರೆ ಬರೆದದ್ದು ಇನ್ನೊಬ್ಬರಿಗೆ ಕಾಣುತ್ತೆ ಅಂತ ಮಾತ್ರ, ಬರೆದ ಕ್ರಮದಲ್ಲೇ ಕಾಣುತ್ತೆ ಅಂತಲ್ಲ. ಆರ್ಮ್ ಕೋರು ಬರಹಗಳ ಕ್ರಮ ಬದಲಾಯಿಸಬಹುದು. ವಿಳಾಸ, ಉದ್ದ ತುಂಬೋ ಮುಂಚೆಯೇ "ಇದು ನಿನ್ನದು" ಅನ್ನೋ ಬಿಟ್ ಸಾಧನಕ್ಕೆ ಕಂಡುಬಿಟ್ರೆ ಅದು ಕಸದ ವಿಳಾಸಕ್ಕೆ ಬರೆಯುತ್ತೆ. ಅದಕ್ಕೆ ಬಿಟ್ ಹಾಕೋ ಮುಂಚೆ ಡಿಎಂಎ_ಡಬ್ಲ್ಯುಎಂಬಿ. ವಾಪಸ್ ಬರುವಾಗ, ಬಿಟ್ ನೋಡಿದ ಮೇಲೆ ಉಳಿದದ್ದನ್ನ ಓದೋ ಮುಂಚೆ ಡಿಎಂಎ_ಆರ್‌ಎಂಬಿ. ಸಾಧನವನ್ನ ಎಬ್ಬಿಸೋ ಡೋರ್‌ಬೆಲ್ ರಿಜಿಸ್ಟರಿಗೆ ರೈಟ್‌ಎಲ್ ಬಳಸಿದ್ರೆ ಅದರೊಳಗೇ ಬೇಕಾದ ತಡೆ ಇದೆ. ರಿಲ್ಯಾಕ್ಸ್‌ಡ್ ರೂಪ ಬಳಸಿದವರು ತಾವೇ ನೋಡ್ಕೋಬೇಕು.

ಗೇರ್‌ಬಾಕ್ಸ್_ಗೌಡ

ಡೇಟಾ ಬೇರೆ ಕೆಮ್ಯಾಲಕ್ ಮಾಡಿದೆ, ಪ್ರೋಬಿನಲ್ಲಿ ಡಿಎಂಎ_ಸೆಟ್_ಮಾಸ್ಕ್_ಅಂಡ್_ಕೊಹೆರೆಂಟ್ ಸೇರಿಸಿದೆ, ಮ್ಯಾಪಿಂಗ್ ಎರರ್ ಪರೀಕ್ಷೆನೂ. 28 ಮೌಲ್ಯದ ಕಾಟ ಹೋಯ್ತು, ಎಣಿಕೆ ಹಿಂದೆ ಸರೀತಿಲ್ಲ. ಕಾರ್ಡ್ ಮಾರಿದವರಿಗೂ ಪ್ಯಾಚ್ ಕಳಿಸಿದ್ದೀನಿ. ಎಲ್ಲರಿಗೂ ತುಂಬಾ ಉಪಕಾರ ಆಯ್ತು.

ಕೊನೇದೊಂದು ಅಕ್ಕ. ಎಫ್‌ಎಫ್‌ಟಿ ಯೂಸರ್ ಸ್ಪೇಸಿನಲ್ಲಿ ಆಗೋದು. ಈ ಮೆಮ್‌ಕಾಪಿ ಬಿಟ್ಟು ಬಫರನ್ನೇ ಎಂಮ್ಯಾಪ್ ಮಾಡಿ ಪ್ರೋಗ್ರಾಮಿಗೆ ಕೊಟ್ರೆ ಹೇಗೆ?

ಕಾವೇರಿ_ಕರ್ನಲ್

ಕೊಡಬಹುದು, ಆದರೆ ಸರದಿ ಯಾರು ಕಾಯ್ತಾರೆ? ಯೂಸರ್ ಪ್ರೋಗ್ರಾಮಿಗೆ ಸಿಂಕ್ ಕರೆಯೋಕೆ ಬರಲ್ಲ. "ಓದಿದೆ, ತಗೋ" ಅಂತ ಹೇಳೋಕೆ ಒಂದು ಐಒಕ್ಟಲ್ (ಡ್ರೈವರಿಗೆ ಆಜ್ಞೆ ಕೊಡೋ ಕರೆ) ಇಡಬೇಕು, ಅದರೊಳಗೆ ಡ್ರೈವರ್ ಸಿಂಕ್ ಮಾಡಬೇಕು. ಕೊಹೆರೆಂಟ್ ಬಫರ್ ತಗೊಂಡು ಡಿಎಂಎ_ಎಂಮ್ಯಾಪ್_ಕೊಹೆರೆಂಟ್ ಕರೆದ್ರೆ ಸಿಂಕ್ ತಪ್ಪುತ್ತೆ, ಆದ್ರೆ ಎಫ್‌ಎಫ್‌ಟಿ ಕ್ಯಾಶ್ ಇಲ್ಲದ ಮೆಮೊರಿ ಮೇಲೆ ಓಡುತ್ತೆ. ನಿಮ್ಮ 0.8 ಎಂಬಿಗೆ ಮೆಮ್‌ಕಾಪಿ ಒಂದು ಖರ್ಚೇ ಅಲ್ಲ, ಇದ್ದಂಗೇ ಬಿಡಿ.

ನಿಜವಾಗಲೂ ಬೇಕು ಅಂದ್ರೆ ಸ್ವಂತ ಐಒಕ್ಟಲ್ ಕಟ್ಟೋ ಬದಲು ಐಐಒ ಸಬ್‌ಸಿಸ್ಟಮ್ ನೋಡಿ. ಅದು ಎಡಿಸಿ (ಸಿಗ್ನಲನ್ನ ಅಂಕಿ ಮಾಡೋ ಚಿಪ್) ಥರದವುಗಳಿಗೆಂದೇ ಇರೋದು, ಡಿಎಂಎ ಬಫರ್ ವ್ಯವಸ್ಥೆ ಅದರಲ್ಲೇ ಇದೆ. ಅದಕ್ಕೆ ಬೇರೆ ಥ್ರೆಡ್ ತೆಗೀರಿ, ಇದರಲ್ಲಿ ಸೇರಿಸಿದ್ರೆ ಆಮೇಲೆ ಹುಡುಕೋರಿಗೆ ಸಿಗಲ್ಲ. ಪ್ರೋಬ್ ಫಂಕ್ಷನ್ನನ್ನ ಪೂರ್ತಿ ಹಾಕಿ, ಚಾನೆಲ್ ವಿವರದ ಜೊತೆ.